ಲೇಸರ್ ಇದ್ದ ಮೇಲೂ ಮರ ಹತ್ತುವುದು ಯಾಕೆ?

ಪ್ರಶ್ನೆ: ಅತಿ ಎತ್ತರದ ಮರಗಳನ್ನು ಈಗ ವಿಮಾನದಿಂದ ಲೇಸರ್ ಬಿಟ್ಟು ಹುಡುಕುತ್ತಾರಂತೆ. ಹಾಗಿದ್ದೂ ಒಬ್ಬರು ತುದಿಗೆ ಹತ್ತಿ ಟೇಪು ಇಳಿಬಿಡುತ್ತಾರಲ್ಲ, ಯಾಕೆ?

ಉತ್ತರ: ಹುಡುಕಲು ಲೇಸರ್‌ಗೆ ಸಾಟಿಯಿಲ್ಲ. ಆದರೆ ದಾಖಲೆ ಅಂದಾಗ ಒಂದೆರಡು ಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ. ಎಡವಟ್ಟಾಗುವುದು ಅಲ್ಲೇ.

ಈ ವಿಧಾನದ ಹೆಸರು ಲೈಡಾರ್. ವಿಮಾನ ಹಾರುತ್ತಾ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಲೇಸರ್ ಮಿನುಗಿಸುತ್ತದೆ. ಕೆಲವು ಕಿರಣಗಳು ಮರದ ತಲೆಗೆ ತಾಗಿ ವಾಪಸ್ ಬರುತ್ತವೆ. ಕೆಲವು ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಬರುತ್ತವೆ. ಎರಡರ ನಡುವಿನ ಸಮಯವೇ ಮರದ ಎತ್ತರ ಹೇಳುತ್ತದೆ. 100 ಮೀಟರ್ ಮರವಾದರೆ ಆ ಅಂತರ ಸೆಕೆಂಡಿನ 15 ಲಕ್ಷದಲ್ಲಿ ಒಂದು ಪಾಲು ಅಷ್ಟೇ!

ಈಗ ಇಳಿಜಾರಿನಲ್ಲಿ ಬೆಳೆದ ಮರ ನೆನೆಸಿಕೊಳ್ಳಿ. ಅದು ಕಣಿವೆಯ ಕಡೆ ವಾಲಿದೆ. ತುದಿಯ ನೇರ ಕೆಳಗಿರುವ ನೆಲ ಬುಡಕ್ಕಿಂತ ಎಷ್ಟೋ ತಗ್ಗಿನಲ್ಲಿದೆ. ಲೈಡಾರ್ ನಕ್ಷೆ ಆ ತಗ್ಗಿನಿಂದ ಅಳೆಯುತ್ತದೆ, ಮರ ಸುಮ್ನೆ ಉದ್ದವಾಗಿಬಿಡುತ್ತದೆ. ತಿರುಗುಮುರುಗೂ ಆಗುತ್ತದೆ: ತುತ್ತತುದಿಯ ಸಣ್ಣ ರೆಂಬೆಗೆ ಕಿರಣ ತಾಗದಿದ್ದರೆ ಎತ್ತರ ಕಮ್ಮಿ ಬರುತ್ತದೆ. ದಟ್ಟ ಕಾಡಿನಲ್ಲಂತೂ ನೆಲ ಮುಟ್ಟುವ ಕಿರಣಗಳೇ ಅಪರೂಪ. ಅದಕ್ಕೇ ಟೇಪು.

ಬೋರ್ನಿಯೊ ದ್ವೀಪದ ಸಬಾದಲ್ಲಿರುವ 'ಮೆನಾರಾ' ಎಂಬ ಮರ ಸಿಕ್ಕಿದ್ದು ಹೀಗೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2018ರಲ್ಲಿ ಲೈಡಾರ್‌ನಿಂದ ಅದನ್ನು ಗುರುತಿಸಿದರು. 2019ರ ಜನವರಿಯಲ್ಲಿ ಉಂಡಿಂಗ್ ಜಾಮಿ ಎಂಬವರು ಹತ್ತಿ ಅಳೆದರು: 100.8 ಮೀಟರ್. 2023ರಲ್ಲಿ ಟಿಬೆಟ್‌ನ 102.3 ಮೀಟರ್‌ನ ಸೈಪ್ರೆಸ್ ಮರವೊಂದು ಅದನ್ನೂ ಹಿಂದಿಕ್ಕಿತು.

ಉಪಗ್ರಹಗಳ ಕತೆಯೇನು ಅಂತೀರಾ? ಬಾಹ್ಯಾಕಾಶ ನಿಲ್ದಾಣದಲ್ಲಿ 'ಜೆಡಿ' ಎಂಬ ಲೇಸರ್ ಉಪಕರಣವಿದೆ. ಆದರೆ ಅದರ ಒಂದೊಂದು ಚುಕ್ಕಿಯೂ ನೆಲದ ಮೇಲೆ ಸುಮಾರು 25 ಮೀಟರ್ ಅಗಲ. ಚುಕ್ಕಿಗಳ ನಡುವೆ ಖಾಲಿ ಜಾಗವೂ ಇದೆ. ಯಾವ ಕಾಡಿನಲ್ಲಿ ಮರಗಳು ಎತ್ತರ ಎಂದು ತಿಳಿಯಲು ಸಾಕು, ಒಂಟಿ ಮರ ಹಿಡಿಯಲು ಸಾಲದು.

ಅಂದ ಹಾಗೆ, ಈಗ ಗೊತ್ತಿರುವ ಮರಗಳಲ್ಲೇ ಎಲ್ಲಕ್ಕಿಂತ ಎತ್ತರದ್ದು ಕ್ಯಾಲಿಫೋರ್ನಿಯಾದ 'ಹೈಪೀರಿಯನ್' ಎಂಬ ರೆಡ್‌ವುಡ್, ಸುಮಾರು 116 ಮೀಟರ್. ಅದು ವಿಮಾನಕ್ಕೆ ಸಿಕ್ಕಿದ್ದಲ್ಲ. 2006ರಲ್ಲಿ ಇಬ್ಬರು ಹವ್ಯಾಸಿಗಳು ಕಾಡಿನಲ್ಲಿ ನಡೆದೇ ಅದನ್ನು ಪತ್ತೆ ಮಾಡಿದರು.