ಒತ್ತಡ ತಡೆಯಲಾಗುತ್ತಿಲ್ಲ ಎಂದು ಹೂಡಿಕೆದಾರರಿಗೆ ಹೇಳಬಹುದೇ?

ಪ್ರಶ್ನೆ: ನಮ್ಮ ಸ್ಟಾರ್ಟಪ್ ಸೀಡ್ ಹಣ (ಮೊದಲ ಹಂತದ ಹೂಡಿಕೆ) ಎತ್ತಿ ಒಂದೂವರೆ ವರ್ಷ ದಾಟಿದೆ. ಕೆಲವು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಮೀಟಿಂಗಿನಲ್ಲಿ ಕೂತರೆ ತಲೆ ಓಡುವುದಿಲ್ಲ. ಆರು ವಾರ ಕೆಲಸದಿಂದ ದೂರ ಇರಿ ಎಂದು ಡಾಕ್ಟರು ಹೇಳಿದ್ದಾರೆ. ಬೋರ್ಡಿನಲ್ಲಿರುವ ಹೂಡಿಕೆದಾರರು "ಏನೇ ಇದ್ದರೂ ಮನಸ್ಸು ಬಿಚ್ಚಿ ಹೇಳಿ" ಅನ್ನುತ್ತಲೇ ಇರುತ್ತಾರೆ. ಹೇಳಿಬಿಡಲೇ? ಮುಂದಿನ ಸುತ್ತಿನ ಹೂಡಿಕೆಗೆ ಏಟು ಬೀಳುತ್ತದೆಯೇ?

ಉತ್ತರ: ರಜೆಯ ವಿಷಯ ಹೇಳಲೇಬೇಕು. ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಈ ಎರಡನ್ನೂ ಒಂದೇ ಗಂಟಾಗಿ ಕಟ್ಟಿಕೊಂಡವರು ಒಂದೋ ಎಲ್ಲವನ್ನೂ ಮುಚ್ಚಿಟ್ಟು ಒಂದು ದಿನ ಕುಸಿದು ಬೀಳುತ್ತಾರೆ, ಇಲ್ಲವೇ ಕಾಫಿಗೆ ಕೂತ ಸಂಜೆ ಎಲ್ಲವನ್ನೂ ಸುರಿದು ಆಮೇಲೆ ಪೇಚಾಡುತ್ತಾರೆ.

ಮುಂದೆ ಓದುವ ಮೊದಲು ಒಂದು ಮಾತು. ಬದುಕೇ ಬೇಡ ಅನ್ನಿಸುತ್ತಿದ್ದರೆ ಬೋರ್ಡು, ಒಪ್ಪಂದ, ಷೇರು ಯಾವುದನ್ನೂ ಯೋಚಿಸಬೇಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಲಿ.

ಈಗ ಹೂಡಿಕೆದಾರರ ವಿಷಯ. ಅವರ ಒಳ್ಳೆಯತನವನ್ನು ಅನುಮಾನಿಸಬೇಕಾಗಿಲ್ಲ, ಅವರು ಕೂತಿರುವ ಕುರ್ಚಿ ಎಂಥದ್ದು ಎಂದು ತಿಳಿದಿದ್ದರೆ ಸಾಕು. 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ನಾಮಿನಿ ನಿರ್ದೇಶಕರ (ಹೂಡಿಕೆ ಫಂಡು ತನ್ನ ಪರವಾಗಿ ಬೋರ್ಡಿನಲ್ಲಿ ಕೂರಿಸಿದವರ) ನಿಷ್ಠೆ ನಿಮ್ಮ ಕಂಪನಿಗೆ. ಅವರಿಗೆ ಸಂಬಳ ಕೊಡುವುದು ಫಂಡು. ಆ ಫಂಡಿನಲ್ಲಿರುವ ಹಣವೋ ಇನ್ಯಾರದ್ದೋ. ಸೆಬಿಯ 2012ರ ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ನಿಯಮಗಳಡಿ ನಡೆಯುವ ವೆಂಚರ್ ಫಂಡಿಗೆ ಸಾಮಾನ್ಯವಾಗಿ 8ರಿಂದ 10 ವರ್ಷದ ಆಯುಸ್ಸು. ಅಷ್ಟರೊಳಗೆ ಹಣ ಬೆಳೆದು ವಾಪಸಾಗಬೇಕು. ಹಾಗಾಗಿ ಪ್ರತಿ ತ್ರೈಮಾಸಿಕ ಒಳಗೊಳಗೇ ಲೆಕ್ಕ ನಡೆಯುತ್ತದೆ: ಈ ಕಂಪನಿಯ ಮುಂದಿನ ಸುತ್ತಿಗೆ ಎತ್ತಿಟ್ಟ ಹಣವನ್ನು ಇಲ್ಲೇ ಹಾಕೋಣವೋ, ಬೇರೆ ಕಂಪನಿಗೆ ತಿರುಗಿಸೋಣವೋ? ಕಾಫಿ ಕುಡಿಯುತ್ತ ನಿಮ್ಮ ಸಂಕಟ ಕೇಳಿಸಿಕೊಂಡವರೇ ಆ ಚರ್ಚೆಯಲ್ಲೂ ಇರುತ್ತಾರೆ. ಕೇಳಿದ್ದನ್ನು ಮರೆತು ಕೂರುವುದು ಅವರಿಂದ ಆಗದ ಕೆಲಸ. ನಿಮ್ಮ ವೈದ್ಯರಿಗಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಯುವ ಹೊಣೆ ಹೊರಿಸಿದೆ. ಹೂಡಿಕೆದಾರರಿಗೆ ಅಂಥ ಹೊಣೆ ಇಲ್ಲ.

ಹಾಗಂತ ಸಂಸ್ಥಾಪಕರ ಮನಸ್ಸು ಕೆಡುವುದು ಅವರಿಗೆ ಹೊಸದೂ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಮೈಕೆಲ್ ಫ್ರೀಮನ್ ಮತ್ತು ಸಂಗಡಿಗರು 242 ಉದ್ಯಮಿಗಳನ್ನು ಕೇಳಿ 2015ರಲ್ಲಿ ಹೊರತಂದ ಅಧ್ಯಯನದಲ್ಲಿ ಶೇ 49ರಷ್ಟು ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಮಾನಸಿಕ ಕಾಯಿಲೆ ಕಂಡಿದ್ದಾಗಿ ಹೇಳಿದ್ದರು. ಹತ್ತಿಪ್ಪತ್ತು ಕಂಪನಿಗಳನ್ನು ನೋಡಿಕೊಳ್ಳುವ ಫಂಡಿನ ಪಾರ್ಟ್ನರ್ ಇಂಥದ್ದನ್ನು ಕಂಡೇ ಇರುತ್ತಾರೆ. ಅವರು ಬೆದರುವುದು ಕಾಯಿಲೆಗಿಂತ ಹೆಚ್ಚಾಗಿ "ಈ ಆರು ವಾರ ಕಂಪನಿ ಯಾರ ಕೈಯಲ್ಲಿ?" ಎಂಬುದಕ್ಕೆ ಉತ್ತರ ಸಿಗದಿದ್ದಾಗ.

ಬಾಯಿ ತೆರೆಯುವ ಮೊದಲು ಷೇರುದಾರರ ಒಪ್ಪಂದ ತೆಗೆದು ನೋಡಿ. ಸಂಸ್ಥಾಪಕರು ಪೂರ್ಣ ಸಮಯ ಮತ್ತು ಗಮನವನ್ನು ಕಂಪನಿಗೇ ಕೊಡಬೇಕು ಎಂಬ ಷರತ್ತು ಬಹುತೇಕ ಎಲ್ಲದರಲ್ಲೂ ಇರುತ್ತದೆ. ತಿಳಿಸದೆ ಆರು ವಾರ ಮಾಯವಾದರೆ ಅದೇ ಷರತ್ತು ನಿಮಗೆ ತಿರುಗಿ ಬೀಳಬಹುದು. ರಜೆ ಹೇಳಲೇಬೇಕು ಎಂದಿದ್ದು ಇದಕ್ಕೆ.

ಆಮೇಲೆ ವೆಸ್ಟಿಂಗ್, ಅಂದರೆ ಷೇರುಗಳು ಕಂತುಕಂತಾಗಿ ಪೂರ್ತಿ ನಿಮ್ಮದಾಗುವ ಏರ್ಪಾಡು. ನಿಮ್ಮ ಹೆಸರಿನಲ್ಲಿ 4,80,000 ಷೇರಿವೆ, 48 ತಿಂಗಳ ವೆಸ್ಟಿಂಗ್ ಎಂದುಕೊಳ್ಳಿ. ತಿಂಗಳಿಗೆ 10,000 ಷೇರು ನಿಮ್ಮದಾಗುತ್ತ ಹೋಗುತ್ತವೆ. 20ನೇ ತಿಂಗಳಿಗೆ 2,00,000 ನಿಮ್ಮವು, ಉಳಿದ 2,80,000 ಕಾಗದದ ಮೇಲೆ ಮಾತ್ರ ನಿಮ್ಮವು. ಆ ಹೊತ್ತಿಗೆ ನೀವು ಕಂಪನಿ ಬಿಟ್ಟಿರಿ ಎಂದಾದರೆ ಈ ಉಳಿಕೆ ಸಾಮಾನ್ಯವಾಗಿ ಮುಖಬೆಲೆಗೆ ಕೈತಪ್ಪುತ್ತದೆ. "ಬ್ಯಾಡ್ ಲೀವರ್" (ತಪ್ಪು ಮಾಡಿ ಹೊರಬಿದ್ದವರು) ಎಂಬ ಪಟ್ಟ ಕಟ್ಟಿದರೆ ಕೆಲವು ಒಪ್ಪಂದಗಳಲ್ಲಿ ವೆಸ್ಟ್ ಆದದ್ದಕ್ಕೂ ಕುತ್ತು. ಸಾವು ಮತ್ತು ಅಂಗವೈಕಲ್ಯವನ್ನು "ಗುಡ್ ಲೀವರ್" ಪಟ್ಟಿಗೆ ಸೇರಿಸುವುದು ವಾಡಿಕೆ. ಆದರೆ ಆ ಅಂಗವೈಕಲ್ಯದ ವ್ಯಾಖ್ಯೆಯಲ್ಲಿ ಮಾನಸಿಕ ಕಾಯಿಲೆ ಬರುತ್ತದೆಯೇ, ವೈದ್ಯಕೀಯ ರಜೆಯಲ್ಲಿ ವೆಸ್ಟಿಂಗ್ ನಡೆಯುತ್ತದೆಯೇ ನಿಲ್ಲುತ್ತದೆಯೇ ಎಂಬಲ್ಲಿ ಒಪ್ಪಂದಗಳು ಬಾಯಿ ಬಿಡುವುದೇ ಅಪರೂಪ. ಬಾಯಿ ಬಿಡದ ಒಪ್ಪಂದದ ಅರ್ಥವನ್ನು ಕೊನೆಗೆ ವಕೀಲರು ಕಟ್ಟುತ್ತಾರೆ. ಆದ್ದರಿಂದ ನಿಮ್ಮದೇ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಈ ಪುಟಗಳನ್ನು ಓದಿಸಿ. ಕಂಪನಿಯ ವಕೀಲರು ಬೇಡ, ಅವರ ಕಕ್ಷಿದಾರ ಕಂಪನಿಯೇ ಹೊರತು ನೀವಲ್ಲ.

ಹೇಳುವ ಕ್ರಮ ಹೀಗಿರಲಿ: ಮೊದಲು ಸಹಸಂಸ್ಥಾಪಕರಿಗೆ, ಮರುದಿನ ನಾಮಿನಿ ನಿರ್ದೇಶಕರಿಗೆ ಫೋನಿನಲ್ಲಿ, ಅದೇ ದಿನ ಪೂರ್ತಿ ಬೋರ್ಡಿಗೆ ಇಮೇಲ್. ವಾಟ್ಸಾಪ್ ಬೇಡ, ಒಂದು ಸ್ಕ್ರೀನ್‌ಶಾಟ್ ಸಾಕು ಊರು ಸುತ್ತಲು. ಇಮೇಲ್ ಇಷ್ಟಿದ್ದರೆ ಸಾಲದೇ?

"ವೈದ್ಯರ ಸಲಹೆಯಂತೆ ಎರಡು ವಾರದ ನಂತರದ ಸೋಮವಾರದಿಂದ ಆರು ವಾರ ವೈದ್ಯಕೀಯ ರಜೆಯಲ್ಲಿರುತ್ತೇನೆ. ದಿನನಿತ್ಯದ ತೀರ್ಮಾನಗಳು ಸಹಸಂಸ್ಥಾಪಕರದ್ದು, ಹಣ ಪಾವತಿ ಫೈನಾನ್ಸ್ ಮುಖ್ಯಸ್ಥರದ್ದು. ಈಗಿನ ಖರ್ಚಿನಲ್ಲಿ 11 ತಿಂಗಳ ಹಣವಿದೆ. ಮುಂದಿನ ಸುತ್ತಿನ ಮಾತುಕತೆಯನ್ನು ನಾನು ಮರಳಿದ ಮೇಲೆ ಶುರು ಮಾಡೋಣ. ನಾಲ್ಕನೇ ವಾರದ ಕೊನೆಗೆ ಒಂದು ಸಾಲಿನ ಸುದ್ದಿ ಕಳಿಸುತ್ತೇನೆ."

ಕಾಯಿಲೆ ಏನು ಎಂದು ಯಾರಾದರೂ ಕೇಳಿದರೆ "ಚಿಕಿತ್ಸೆ ನಡೀತಿದೆ, ಡಾಕ್ಟರು ನೋಡ್ಕೊಳ್ತಿದ್ದಾರೆ" ಎನ್ನಿ, ಅಲ್ಲಿಗೆ ನಿಲ್ಲಿಸಿ. ಬೋರ್ಡಿನ ನಡಾವಳಿಯಲ್ಲೂ "ವೈದ್ಯಕೀಯ ರಜೆ" ಎಂದಷ್ಟೇ ಬರೆಸಿ. ನಡಾವಳಿ ಪುಸ್ತಕವನ್ನು ಮುಂದಿನ ಸುತ್ತಿನ ಡ್ಯೂ ಡಿಲಿಜೆನ್ಸ್‌ನಲ್ಲಿ (ಹೂಡುವ ಮುಂಚಿನ ತಪಾಸಣೆಯಲ್ಲಿ) ಹೊಸಬರು ಓದುತ್ತಾರೆ. ವಿಮಾ ಕಂಪನಿಯ ಫಾರಂ ಮಾತ್ರ ಬೇರೆ ವಿಷಯ. ಅಲ್ಲಿ ಕಾಯಿಲೆಯ ಬಗ್ಗೆ ಕೇಳಿದ್ದರೆ ನಿಜವನ್ನೇ ಬರೆಯಬೇಕು, ಮುಚ್ಚಿಟ್ಟರೆ ಕ್ಲೇಮು ತಿರಸ್ಕಾರವಾದೀತು.

ಇನ್ನು ರಜೆ ಹಾಳಾಗುವುದು ಎಲ್ಲಿ ಗೊತ್ತೇ? ಒಟಿಪಿಯಲ್ಲಿ. ಬ್ಯಾಂಕು, ಜಿಎಸ್‌ಟಿ, ಪಿಎಫ್, ಆದಾಯ ತೆರಿಗೆ, ಕ್ಲೌಡ್ ಬಿಲ್ಲು ಎಲ್ಲಕ್ಕೂ ಸಂಸ್ಥಾಪಕರ ಸ್ವಂತ ಮೊಬೈಲ್ ನಂಬರೇ ಜೋಡಣೆಯಾಗಿರುತ್ತದೆ. ಎರಡನೇ ವಾರವೇ "ಸರ್, ಒಂದು ಒಟಿಪಿ ಬಂದಿರಬೇಕು" ಎಂದು ಶುರುವಾಗುತ್ತದೆ. ಹಿಂದಿನ ತಿಂಗಳ ಟಿಡಿಎಸ್ ಕಟ್ಟಲು 7ನೇ ತಾರೀಕು ಕೊನೆ (ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30), ತಿಂಗಳ ಜಿಎಸ್‌ಟಿಆರ್-1ಕ್ಕೆ 11, ಪಿಎಫ್ ಮತ್ತು ಇಎಸ್‌ಐಗೆ 15, ಜಿಎಸ್‌ಟಿಆರ್-3ಬಿಗೆ 20. ಕಡಿತ ಮಾಡಿದ ಟಿಡಿಎಸ್ ಕಟ್ಟುವುದು ತಡವಾದರೆ ತಿಂಗಳಿಗೆ ಶೇ ಒಂದೂವರೆ ಬಡ್ಡಿ. ಆರು ವಾರದಲ್ಲಿ ಈ ತಾರೀಕುಗಳು ಒಂದು ಸಲವಂತೂ ಬರುತ್ತವೆ, ಕೆಲವು ಎರಡು ಸಲವೂ ಬರಬಹುದು.

ಡಿಜಿಟಲ್ ಸಹಿಯ ಟೋಕನ್ನನ್ನು ಪಾಸ್‌ವರ್ಡ್ ಸಮೇತ ಅಕೌಂಟೆಂಟ್ ಕೈಗೆ ಕೊಟ್ಟು ಹೋಗುವುದು ನಮ್ಮಲ್ಲಿ ನಡೆದುಬಂದ ಅಡ್ಡದಾರಿ. ಮಾಡಬೇಡಿ. ಆ ಸಹಿಯಲ್ಲಿ ಹೋದ ಪ್ರತಿ ಕಾಗದಕ್ಕೂ ಹೊಣೆ ನಿಮ್ಮದೇ. ಇನ್ನೊಬ್ಬರನ್ನು ಅಧಿಕೃತ ಸಹಿದಾರರನ್ನಾಗಿ ಮಾಡಿ, ಅವರದೇ ಸಹಿ, ಅವರದೇ ನಂಬರು ಇರಲಿ. ಇದಕ್ಕೆ ಬೋರ್ಡಿನ ನಿರ್ಣಯ ಬೇಕು, ಬ್ಯಾಂಕು ಅದನ್ನು ಜಾರಿಗೆ ತರಲು ದಿನಗಳನ್ನೇ ತೆಗೆದುಕೊಳ್ಳುತ್ತದೆ. ಆದ್ದರಿಂದ ರಜೆಗೆ ಎರಡು ವಾರ ಮೊದಲೇ ಶುರು ಮಾಡಿ. ಹೊರಡುವ ಮುನ್ನ ಒಂದು ಸಣ್ಣ ಪಾವತಿಯನ್ನು ನಿಮ್ಮ ಫೋನ್ ಆಫ್ ಮಾಡಿಟ್ಟು ಮಾಡಿಸಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಬೋರ್ಡ್ ಸಭೆಗಳು ಅಷ್ಟು ತಲೆನೋವಲ್ಲ. ಎರಡು ಸಭೆಗಳ ನಡುವೆ 120 ದಿನದವರೆಗೆ ಅಂತರಕ್ಕೆ ಕಂಪನಿ ಕಾಯ್ದೆಯೇ ಅವಕಾಶ ಕೊಡುತ್ತದೆ, ರಜೆಗೆ ಮುಂಚೆ ಒಂದು ಸಭೆ ಮುಗಿಸಿಬಿಡಿ. ಇಬ್ಬರೇ ನಿರ್ದೇಶಕರಿದ್ದರೆ ಮಾತ್ರ ಎಚ್ಚರ: ಕೋರಂ ಎರಡು, ನೀವಿಲ್ಲದೆ ಸಭೆಯೇ ಇಲ್ಲ. ಬದಲಿ ನಿರ್ದೇಶಕರನ್ನು ಕೂರಿಸೋಣವೆಂದರೆ ನೀವು ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಭಾರತದ ಹೊರಗಿರಬೇಕು ಎನ್ನುತ್ತದೆ 161ನೇ ಸೆಕ್ಷನ್. ಮನೆಯಲ್ಲಿ ಮಲಗಿರುವವರಿಗೆ ಅದು ಒದಗುವುದಿಲ್ಲ.

ಚಿಕಿತ್ಸೆಯ ಖರ್ಚು ಕೊಡುತ್ತೇವೆ ಎನ್ನುವ ಫಂಡುಗಳೂ ಇವೆ. ಅಮೆರಿಕದ ಫೆಲಿಸಿಸ್ ಎಂಬ ಫಂಡು ತಾನು ಹೂಡುವ ಮೊತ್ತದ ಮೇಲೆ ಶೇ 1ರಷ್ಟನ್ನು ಪ್ರತ್ಯೇಕವಾಗಿ, ಷೇರು ಕೇಳದೆ, ಸಂಸ್ಥಾಪಕರ ಕೋಚಿಂಗ್ ಮತ್ತು ಮಾನಸಿಕ ಆರೋಗ್ಯಕ್ಕೆ ಇಡುವುದಾಗಿ ಹೇಳಿ ಹೆಸರು ಮಾಡಿತು. ಇಂಥ ನೆರವು ಸಿಕ್ಕರೆ ಒಳ್ಳೆಯದೇ. ಆದರೆ ಒಂದು ಪ್ರಶ್ನೆ ಕೇಳಿ: ಬಿಲ್ಲಿನಲ್ಲಿ ಏನಿರುತ್ತದೆ? ಎಷ್ಟು ಸೆಷನ್, ಎಷ್ಟು ಹಣ ಎಂಬುದು ಮಾತ್ರ ಹೋಗಬೇಕು, ಹೆಸರು ಹೋಗಬಾರದು. ಹೆಸರು ಹೋಗುವುದಾದರೆ ಸ್ವಂತ ದುಡ್ಡಿನಲ್ಲೇ ನೋಡಿಸಿಕೊಳ್ಳಿ. ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ ಎಂಬುದೂ ನೆನಪಿರಲಿ. ನಿದ್ದೆ ಹೋದವರಿಗೆ ಬೇಕಿರುವುದು ಮನೋವೈದ್ಯರು, ಅಥವಾ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್. ಬೆಂಗಳೂರಿನಲ್ಲಿದ್ದರೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನ ವೆಲ್ ಬೀಯಿಂಗ್ ಕೇಂದ್ರವಿದೆ, ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಅನುಕೂಲ. ಕಂಪನಿಯ ಗುಂಪು ವಿಮೆಯನ್ನೂ ತೆಗೆದು ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಸೆಕ್ಷನ್ ಪ್ರಕಾರ ದೈಹಿಕ ಕಾಯಿಲೆಗೆ ಸಿಗುವ ರೀತಿಯಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಸಿಗಬೇಕು. ಹೊರರೋಗಿ ಖರ್ಚು ಮಾತ್ರ ಬಹಳಷ್ಟು ಪಾಲಿಸಿಗಳಲ್ಲಿ ಇರುವುದೇ ಇಲ್ಲ.

ಮುಂದಿನ ಸುತ್ತಿಗೆ ಏಟು ಬೀಳುತ್ತದೆಯೇ ಎಂದಿರಿ. 11 ತಿಂಗಳ ಹಣವಿದ್ದು ಆರು ವಾರ ಹೋದರೆ ಇನ್ನೂ ಒಂಬತ್ತೂವರೆ ತಿಂಗಳು ಕೈಯಲ್ಲಿರುತ್ತದೆ, ಅದು ಸಾಲುತ್ತದೆ. ಐದೇ ತಿಂಗಳ ಹಣವಿದ್ದರೆ ರಜೆಗೆ ಮೊದಲೇ ಈಗಿನ ಹೂಡಿಕೆದಾರರ ಬಳಿ ಸಣ್ಣ ಬ್ರಿಡ್ಜ್ ಮೊತ್ತ (ಮುಂದಿನ ಸುತ್ತಿನವರೆಗೆ ದಾಟಿಸುವ ಹಣ) ಕೇಳುವುದು ವಾಸಿ. ಸುತ್ತು ನಡೆಯುತ್ತಿರುವಾಗಲೇ ರಜೆ ಬಂದರೆ ಹೊಸ ಹೂಡಿಕೆದಾರರಿಗೆ ಅದನ್ನು ಮುಚ್ಚಿಟ್ಟು ಸಹಿ ಹಾಕಬೇಡಿ. ಸಹಿಯ ಜೊತೆ ನೀವು ಕೊಡುವ ಭರವಸೆಗಳ ಪಟ್ಟಿ ದೊಡ್ಡದಿರುತ್ತದೆ, ಮುಚ್ಚಿಟ್ಟರೆ ಅದರಲ್ಲೊಂದು ಸುಳ್ಳಾದೀತು.

ಆ ಹೊಸ ಸುತ್ತಿನ ಟರ್ಮ್ ಶೀಟ್ (ಹೂಡಿಕೆಯ ಷರತ್ತುಗಳ ಕರಡು) ಬಂದಾಗಲೇ ಮೂರು ವಿಷಯ ಬರೆಸಿಕೊಳ್ಳಿ, ಸಹಿಯಾದ ಮೇಲೆ ಯಾರೂ ಕೇಳುವುದಿಲ್ಲ. ವರ್ಷಕ್ಕೆ 90 ದಿನದವರೆಗಿನ ವೈದ್ಯಕೀಯ ರಜೆಯಲ್ಲಿ ವೆಸ್ಟಿಂಗ್ ನಿಲ್ಲಬಾರದು, ಅದು ಕಂಪನಿ ಬಿಟ್ಟಂತೆ ಆಗಬಾರದು. ಸಂಸ್ಥಾಪಕರ ಸಂಬಳ ಮನೆ ಬಾಡಿಗೆ, ಇಎಂಐ, ಮಕ್ಕಳ ಫೀಸು ಕಟ್ಟುವಷ್ಟಾದರೂ ಇರಬೇಕು. ಮನೆಯ ಚಿಂತೆಯಲ್ಲಿರುವವರು ಕಂಪನಿಯಲ್ಲಿ ಒಳ್ಳೆಯ ತೀರ್ಮಾನ ಮಾಡುವುದನ್ನು ಯಾರೂ ಕಂಡಿಲ್ಲ. ಮೂರನೆಯದು ಎಲ್ಲಕ್ಕಿಂತ ಭಾರದ್ದು: ಕಂಪನಿ ಕೊಟ್ಟ ಭರವಸೆ ಸುಳ್ಳಾದರೆ ನಷ್ಟ ತುಂಬುವ ಹೊಣೆಯಲ್ಲಿ ಸಂಸ್ಥಾಪಕರನ್ನೂ ವೈಯಕ್ತಿಕವಾಗಿ ಸೇರಿಸುವ ಕಲಮು. ಸ್ವಂತ ವಂಚನೆಯ ಹೊರತು ಉಳಿದೆಲ್ಲದಕ್ಕೂ ಅದನ್ನು ತೆಗೆಸಿ. ಒಪ್ಪದಿದ್ದರೆ ಒಂದು ವರ್ಷದ ಸಂಬಳದ ಮಿತಿಗಾದರೂ ಇಳಿಸಿ. ಬ್ಯಾಂಕ್ ಸಾಲಕ್ಕೆ ಈಗಾಗಲೇ ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರೆ, ಹೊಸ ಹಣ ಬಂದ ದಿನವೇ ಆ ಸಾಲ ತೀರಿಸಿ ಜಾಮೀನು ಬಿಡುಗಡೆಯ ಪತ್ರ ಪಡೆಯುವುದನ್ನೂ ಹಣದ ವಿನಿಯೋಗದ ಪಟ್ಟಿಯಲ್ಲಿ ಸೇರಿಸಲು ಕೇಳಿ.