ಕೈಪಿಡಿಯೊಳಗಿನ ಒಡೆಯ ಮತ್ತು ಜೀತದಾಳು

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಿಗೆ ಕೂಲಿ ಲೆಕ್ಕದ ತಂತ್ರಾಂಶ ಸಿದ್ಧಪಡಿಸುವ ಸಣ್ಣ ತಂಡದಲ್ಲಿ ಕೈಪಿಡಿ ಬರೆಯುವುದೂ ತಂತ್ರಾಂಶ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ಪರೀಕ್ಷೆಗಳನ್ನು ರೂಪಿಸುವುದೂ ನನ್ನ ಕೆಲಸ. ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುವಾಗ ಡೇಟಾಬೇಸ್ ಅಧ್ಯಾಯದ ‘ಮಾಸ್ಟರ್’, ‘ಸ್ಲೇವ್’ ಎಂಬ ಜೋಡಿಯನ್ನು ಕಿರಿಯ ಸಹೋದ್ಯೋಗಿಯೊಬ್ಬರು ‘ಒಡೆಯ’, ‘ಜೀತದಾಳು’ ಎಂದು ಬರೆದಿದ್ದರು. ಅನುವಾದದಲ್ಲಿ ತಪ್ಪಿರಲಿಲ್ಲ. ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿದಿದ್ದ ಅರ್ಥ ಕನ್ನಡದಲ್ಲಿ ಎದ್ದು ಕಂಡಿತು, ಅಷ್ಟೇ. ಜೀತ ಪದ್ಧತಿಯನ್ನು 1976ರ ಕಾಯ್ದೆ ರದ್ದುಪಡಿಸಿದ್ದರೂ, ಆ ಮಾತನ್ನು ಅಜ್ಜ-ಮುತ್ತಜ್ಜರ ಬದುಕಿನ ಸಂಗತಿಯಾಗಿ ಕೇಳಿ ಬೆಳೆದವರು ಈ ಭಾಗದಲ್ಲಿ ಇಂದಿಗೂ ಇದ್ದಾರೆ.

ನೋವಿನ ಮಾತು ಹಾಗಿರಲಿ, ಆ ಜೋಡಿ ವಿಷಯವನ್ನೂ ತಿಳಿಸುವುದಿಲ್ಲ. ಒಂದು ಯಂತ್ರ ಹೊಸ ನಮೂದುಗಳನ್ನು ಸ್ವೀಕರಿಸುತ್ತದೆ. ಇನ್ನೊಂದು ಅದನ್ನೇ ನೋಡಿಕೊಂಡು ತನ್ನಲ್ಲಿ ಪ್ರತಿ ಇಟ್ಟುಕೊಳ್ಳುತ್ತದೆ ಮತ್ತು ಓದುವವರಿಗೆ ಒದಗಿಸುತ್ತದೆ. ‘ಮೂಲ’, ‘ಯಥಾಪ್ರತಿ’ ಎಂದೊಡನೆ ಗುಮಾಸ್ತರಿಗೆ ಇದು ತಿಳಿಯಿತು. ನಾನು ಮೊದಲು ‘ನಕಲು’ ಎಂದು ಬರೆದಿದ್ದೆ. ಅದರಲ್ಲಿ ‘ನಕಲಿ’ಯ ವಾಸನೆ ಬರುತ್ತದೆ ಎಂದು ಅವರೇ ಆಕ್ಷೇಪಿಸಿದರು. ವೆಬ್ ತಾಣ ಕಟ್ಟುವ ಸಲಕರಣೆಯಾದ ಜಾಂಗೋ 2014ರಲ್ಲಿ, ಡೇಟಾಬೇಸ್ ತಂತ್ರಾಂಶಗಳಾದ ರೆಡಿಸ್ ತನ್ನ 5ನೇ ಆವೃತ್ತಿಯೊಂದಿಗೆ 2018ರಲ್ಲಿ, ಮೈಎಸ್‌ಕ್ಯೂಎಲ್ 8.0.22ನೇ ಆವೃತ್ತಿಯೊಂದಿಗೆ 2020ರಲ್ಲಿ ‘ರೆಪ್ಲಿಕಾ’ (ಯಥಾಪ್ರತಿ) ಎಂಬ ಪದದ ಕಡೆಗೆ ಹೊರಳಿದವು.

ಹಾಗೆಂದು ‘ಮಾಸ್ಟರ್’ ಕಂಡಲ್ಲೆಲ್ಲ ಕತ್ತರಿ ಆಡಿಸಬೇಕೆಂದು ನಾನು ಒಪ್ಪುವುದಿಲ್ಲ. ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್ ಗೌರವದ ಹುದ್ದೆ. ಅವರ ಹುದ್ದೆಯ ಹೆಸರನ್ನು ತಿದ್ದಲು ಹೊರಟರೆ ಮೊದಲು ನಗುವವರು ಅವರೇ.

‘ಕಪ್ಪುಪಟ್ಟಿ’ಯ ತೊಂದರೆ ಬೇರೆ ಬಗೆಯದು. ಮೂರು ಸಲ ತಪ್ಪು ಪಾಸ್‌ವರ್ಡ್ ಒತ್ತಿದ ಖಾತೆ ಆ ಪಟ್ಟಿಗೆ ಸೇರುತ್ತಿತ್ತು. ತಮ್ಮ ಮೇಲೆ ಕಳವಿನ ಆರೋಪ ಬಂದಿದೆಯೆಂದು ಹೊಲಿಗೆಯ ಹೆಣ್ಣುಮಗಳೊಬ್ಬರು ಅಳುತ್ತಾ ಕಚೇರಿಗೆ ಬಂದಿದ್ದರು. ಈಗ ಅಲ್ಲಿ ‘ತಡೆಹಿಡಿದ ಖಾತೆಗಳು’ ಎಂದಿದೆ, ತಡೆಯ ಕಾರಣವೂ ಪಕ್ಕದಲ್ಲೇ ಇದೆ.

ಲಿಂಗದ ವಿಷಯದಲ್ಲಿ ಕನ್ನಡವೇ ದಾರಿ ಕೊಡುತ್ತದೆ. ‘ಬಳಕೆದಾರನು ಒತ್ತುತ್ತಾನೆ’ ಎನ್ನುವ ಬದಲು ‘ಬಳಕೆದಾರರು ಒತ್ತಬೇಕು’ ಎಂದರೆ ಗೌರವವೂ ಉಳಿಯುತ್ತದೆ, ಹೆಣ್ಣುಮಕ್ಕಳೂ ಹೊರಗುಳಿಯುವುದಿಲ್ಲ.

ಪರೀಕ್ಷೆಗಳಲ್ಲಿ ಪದಕ್ಕಿಂತ ಮಾದರಿ ಮಾಹಿತಿಯೇ ಹೆಚ್ಚು ಜನರನ್ನು ಹೊರಗಿಡುತ್ತದೆ. ನಮ್ಮ ಹಳೆಯ ಪರೀಕ್ಷೆಗಳಲ್ಲಿ ಎಲ್ಲರಿಗೂ ಮೊದಲ ಹೆಸರು, ಕೊನೆಯ ಹೆಸರು ಇದ್ದವು, ಆದ್ದರಿಂದ ಎಲ್ಲವೂ ಪಾಸಾಗುತ್ತಿದ್ದವು. ಇಲ್ಲಿನ ತೆಲುಗು ಮನೆಗಳಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಎಷ್ಟೋ ಜನರಿಗೆ ಒಂದೇ ಹೆಸರು, ಜೊತೆಗೆ ಒಂದು ಇನಿಷಿಯಲ್. ಅಂಥ ಹೆಸರುಗಳನ್ನು ಹಾಕಿದ ದಿನವೇ ಕೂಲಿ ಚೀಟಿ ಮುದ್ರಣದ ಪರೀಕ್ಷೆ ಬಿದ್ದುಹೋಯಿತು. ‘ಕೊನೆಯ ಹೆಸರು ಅಮಾನ್ಯ’ ಎಂಬ ಸಂದೇಶವನ್ನು ತಿದ್ದುವುದಕ್ಕಿಂತ ಆ ಕಡ್ಡಾಯವನ್ನೇ ತೆಗೆಯಬೇಕಾಗಿತ್ತು, ತೆಗೆದೆವು.

ಪದ ಬದಲಿಸುವಾಗ ಎಲ್ಲ ಕಡತಗಳಲ್ಲಿ ಒಮ್ಮೆಲೇ ಹುಡುಕಿ ಬದಲಿಸುವ ಆತುರ ಬೇಡ. ಸಂದೇಶದ ಪಠ್ಯವನ್ನೇ ಹೋಲಿಸಿ ನೋಡುವ ಪರೀಕ್ಷೆಗಳು ಮುರಿಯುತ್ತವೆ. ಹಳೆಯ ಸರ್ವರ್‌ನಲ್ಲಿ ಆದೇಶದ (ಕಮಾಂಡ್) ಹೆಸರು ಹಳೆಯದೇ ಇದ್ದರೆ, ಹೊಸ ಹೆಸರು ಬರೆದ ಕೈಪಿಡಿ ಓದುಗರಿಗೆ ಸುಳ್ಳು ಹೇಳಿದಂತಾಗುತ್ತದೆ. ಅಂಥಲ್ಲಿ ಆದೇಶವನ್ನು ಇದ್ದಂತೆಯೇ ಕೊಟ್ಟು, ವಿವರಣೆಯಲ್ಲಿ ಮಾತ್ರ ಹೊಸ ಪದ ಬಳಸುತ್ತೇವೆ. ಪದಸೂಚಿಯಲ್ಲಿ ಹಳೆಯ ಪದದ ಎದುರು ಹೊಸದನ್ನು ತೋರಿಸುತ್ತೇವೆ. ನಮ್ಮ ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಅದಕ್ಕೂ ಹಿಂದಿನ ಬಿಲ್ಲುಗಳನ್ನು ಹುಡುಕುವವರು ಇನ್ನೂ ‘ಬೆಲ್ಲಾರಿ’ಯ ಅಕ್ಷರಗಳನ್ನೇ ಒತ್ತುತ್ತಾರೆ. ಎರಡೂ ಕಾಗುಣಿತಗಳಿಗೆ ಒಂದೇ ಫಲಿತಾಂಶ ಬರುವುದೇ ಎಂದು ನೋಡುವ ಪರೀಕ್ಷೆಯೊಂದು ನಮ್ಮಲ್ಲಿ ಪ್ರತಿ ರಾತ್ರಿ ನಡೆಯುತ್ತದೆ.