‘ದಂಡ’ ಅಂದರೆ ‘ದಂಡ ಶುಲ್ಕ’ ಅಲ್ಲ

ಮಲೆನಾಡಿನ ಒಂದು ಟೆಂಟ್ ಜಾಗದಲ್ಲಿ ಬೋರ್ಡ್ ಹಾಕಿದ್ದರು: ‘ರಾತ್ರಿ 10ರ ನಂತರ ಸೌಂಡ್ ಬಾಕ್ಸ್ ಹಾಕಿದರೆ ದಂಡ ಶುಲ್ಕ 500 ರೂ.’ ಪಕ್ಕದ ಟೆಂಟಿನ ಐದು ಹುಡುಗರು ತಲಾ ನೂರು ಹಾಕಿ ಕಟ್ಟಿದರು. ಆಮೇಲೆ ಎರಡು ಗಂಟೆವರೆಗೂ ಕುಣಿದರು. ಅವರು ಬೋರ್ಡನ್ನು ಸರಿಯಾಗೇ ಓದಿದ್ದರು. ತಪ್ಪು ಬರೆದವರದ್ದು.

ದಂಡ ಅಂದರೆ ಮೊದಲು ಕೋಲು. ಕೋಲು ಅರಸನ ಕೈಯಲ್ಲಿ, ಹಾಗಾಗಿ ಅವನು ಕೊಡುವ ಶಿಕ್ಷೆಯೂ ದಂಡ. ಅವನ ಸೈನ್ಯ ದಂಡು, ಅದರ ಮುಂದಾಳು ದಂಡನಾಯಕ. ಬೆಂಗಳೂರಿನ ಕಂಟೋನ್ಮೆಂಟ್ ದಂಡು ಆಗಿದ್ದೂ ಹೀಗೆ. ಪೇಪರಿನವರ ‘ಪ್ರವಾಸಿಗರ ದಂಡು’ ಕೂಡ ಇದೇ ಮನೆಯದು. ಮುಳ್ಳಯ್ಯನಗಿರಿಯಲ್ಲಿ ಭಾನುವಾರ ನಿಂತು ನೋಡಿದರೆ ಆ ಮಾತಿಗೆ ತಕರಾರು ಮಾಡೋಕೆ ಆಗಲ್ಲ, ಬಿಡಿ.

ಶುಲ್ಕ ಬೇರೆ ಮನೆಯ ಪದ. ಅದರ ತದ್ಭವವೇ ಸುಂಕ. ಸುಂಕ ಕಟ್ಟಿದವನಿಗೆ ಗೇಟು ತೆರೆಯುತ್ತದೆ. ದಂಡ ಕಟ್ಟಿದವನಿಗೆ ಏನೂ ತೆರೆಯಬಾರದು. ‘ದುಡ್ಡು ದಂಡ’ ಅಂತೀವಲ್ಲ, ಹಾಗೆ. ಪರೀಕ್ಷಾ ಅರ್ಜಿಯ ‘ದಂಡ ಶುಲ್ಕ’ವನ್ನಾದರೂ ಒಪ್ಪಬಹುದು, ಅಲ್ಲಿ ಹಣ ಕಟ್ಟಿದರೆ ತಡವಾದವನಿಗೂ ಪರೀಕ್ಷೆ ಸಿಗುತ್ತದೆ. ಕ್ಯಾಂಪಿಗೆ ಅದನ್ನೇ ತಂದರೆ ಗದ್ದಲಕ್ಕೆ ರೇಟ್ ಕಾರ್ಡ್ ಹಾಕಿದಂತೆ. ಇಸ್ರೇಲಿನ ಹೈಫಾದಲ್ಲಿ ಡೇಕೇರ್‌ನಿಂದ ಮಗುವನ್ನು ತಡವಾಗಿ ಕರೆದೊಯ್ಯುವ ಅಪ್ಪ ಅಮ್ಮಂದಿರಿಗೆ ದಂಡ ಹಾಕಿ ನೋಡಿದರು. ತಡ ಮಾಡುವವರು ಜಾಸ್ತಿಯಾದರು. ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ!

ಇನ್ನು ಜುಲ್ಮಾನೆ. ‘ಜುಲುಮೆ ಮಾಡಿ ಕೀಳುವುದೇ ಜುಲ್ಮಾನೆ’ ಅಂತ ನಗುವವರಿದ್ದಾರೆ. ಸುಮ್ನೆ ತಮಾಷೆ ಅಷ್ಟೇ. ಜುರ್ಮ್ ಅಂದರೆ ಅಪರಾಧ. ಪಾರಸಿಯ ಜುರ್ಮಾನಾ ನಮ್ಮ ನಾಲಗೆಯಲ್ಲಿ ಜುಲ್ಮಾನೆಯಾಯಿತು. ಜುಲುಮೆಗೂ ಅದಕ್ಕೂ ನೆಂಟಸ್ತನವಿಲ್ಲ.

ಟೆಂಟ್ ಮಾಲೀಕನ ಕೈಯಲ್ಲಿ ಕೋಲೇ ಇಲ್ಲ ಅನ್ನೋದನ್ನೂ ಮರೆಯುತ್ತೇವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬೇಡ ಅನ್ನುವುದು 2000ದ ಶಬ್ದ ಮಾಲಿನ್ಯ ನಿಯಮ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚಿದರೆ 1972ರ ವನ್ಯಜೀವಿ ಕಾಯ್ದೆ ಇದೆ. ಆ ದಂಡ ಸರ್ಕಾರದ್ದು.

ಮಾಲೀಕನಿಗೆ ಒದಗುವ ಪದ ಠೇವಣಿ. ನೀಲಗಿರಿಯಲ್ಲಿ ಕಾಡಿಗೆ ಬಾಟಲಿ ಎಸೆಯುವುದನ್ನು ತಡೆಯಲು 2022ರಲ್ಲಿ ಮದ್ಯದ ಬಾಟಲಿಗೆ 10 ರೂ. ಜಾಸ್ತಿ ಇಸ್ಕೊಳ್ಳಲು ಶುರು ಮಾಡಿದರು. ಖಾಲಿ ಬಾಟಲಿ ತಂದರೆ ಹಣ ವಾಪಸ್. ಅದು ದಂಡವೂ ಅಲ್ಲ, ಶುಲ್ಕವೂ ಅಲ್ಲ. ಬೋರ್ಡ್ ಮತ್ತೆ ಬರೆಸುವುದಾದರೆ ಹೀಗೆ ಬರೆಸಿ: ‘ಸೌಂಡ್ ಬಾಕ್ಸ್ ಹಾಕಿದರೆ ಠೇವಣಿ ವಾಪಸ್ ಇಲ್ಲ. ಟೆಂಟೂ ಇಲ್ಲ.’